ಫೋನ್ ಹೋದ ಮೊದಲ ಗಂಟೆ: ಗಡಿ ತಾಲೂಕಿನ ಮನೆಗಳಿಗೆ ಒಂದಿಷ್ಟು ಮಾತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ತಾಲೂಕುಗಳ ಜನರಿಗೆ ರಾಜ್ಯದ ಗಡಿ ದಾಟುವುದು ದೊಡ್ಡ ವಿಷಯವೇ ಅಲ್ಲ. ಕಾಯಿಲೆಯಾದರೆ ಮಿರಜ್ ಆಸ್ಪತ್ರೆ, ಮದುವೆ ಸಾಮಾನಿಗೆ ಕೊಲ್ಲಾಪುರ, ಬಟ್ಟೆಗೆ ಇಚಲಕರಂಜಿ. ಬೆಳಿಗ್ಗೆ ಕರ್ನಾಟಕದ ಬಸ್ಸು ಹತ್ತಿದವರು ಮಧ್ಯಾಹ್ನ ಮಹಾರಾಷ್ಟ್ರದ ಬಸ್ಸಿನಲ್ಲಿ ವಾಪಸ್ ಬರುತ್ತಾರೆ. ಕರಾವಳಿಯಿಂದ ವ್ಯಾಪಾರಕ್ಕೆ, ಮಸೀದಿ-ಮದ್ರಸದ ಕೆಲಸಕ್ಕೆ ಅಂತ ಈ ಕಡೆ ಬಂದಿರುವ ನಮ್ಮವರದ್ದೂ ಇದೇ ಓಡಾಟ.

ಈ ಓಡಾಟದ ನಡುವೆ ಕಳೆದುಹೋಗುವ ವಸ್ತುಗಳಲ್ಲಿ ಈಗ ಮೊದಲನೆಯದು ಮೊಬೈಲ್. ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ, ಚಿಂಚಲಿ ಮಾಯಕ್ಕನ ಜಾತ್ರೆಯಂಥ ಜನಸಾಗರದಲ್ಲಿ, ಉರೂಸಿನ ಗುಂಪಿನಲ್ಲಿ, ಮಿರಜ್-ಲೋಂಡಾ ರೈಲಿನಲ್ಲಿ ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ಸ್ಟೇಷನ್‌ಗಳಲ್ಲಿ ಇಳಿಯುವ ಹೊತ್ತಿನಲ್ಲಿ ಜೇಬಿಗೆ ಕೈ ಹಾಕಿದರೆ ಫೋನ್ ಇರುವುದಿಲ್ಲ. "ಮೌಲಾನಾ ಸಾಹೇಬ್ರ, ಫೋನ್ ಹೋತ್ರಿ, ಈಗ ಏನ್ ಮಾಡೂದು?" ಎಂದು ಇಲ್ಲಿನವರು ಕೇಳುತ್ತಾರೆ. "ಉಸ್ತಾದರೇ, ಯಾರಿಗೆ ಹೇಳುವುದು?" ಎಂದು ಊರಿನವರು ಕೇಳುತ್ತಾರೆ. ಪ್ರಶ್ನೆ ಒಂದೇ. ಉತ್ತರವನ್ನು ಮನೆಮಂದಿಯೆಲ್ಲ ಓದಿ ಇಟ್ಟುಕೊಳ್ಳುವಂತೆ ಬರೆಯೋಣ ಅಂತ ನಾವು ಕೂತಿದ್ದೇವೆ.

ಫೋನಿಗಿಂತ ಸಿಮ್ ದೊಡ್ಡದು

ಫೋನ್ ಹೋದ ಕೂಡಲೇ ನಮಗೆ ನೆನಪಾಗುವುದು ಅದರ ಬೆಲೆ. ಹದಿನೈದು ಸಾವಿರ, ಇಪ್ಪತ್ತು ಸಾವಿರ, ಇನ್ನೂ ಕಂತು ಬಾಕಿ. ಆದರೆ ನಿಜವಾದ ಅಪಾಯ ಒಳಗಿರುವ ಸಿಮ್ಮಿನದು. ಪರದೆಗೆ ಎಷ್ಟೇ ಗಟ್ಟಿ ಲಾಕ್ ಹಾಕಿದ್ದರೂ ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಮುಗಿಯಿತು. ಬ್ಯಾಂಕಿನ ಒಟಿಪಿ, ವಾಟ್ಸ್ಆ್ಯಪ್‌ನ ಒಟಿಪಿ, ಆಧಾರ್ ಒಟಿಪಿ ಎಲ್ಲ ಅವನ ಕೈಗೇ ಬರುತ್ತದೆ.

ಯುಪಿಐಗೆ ಪಿನ್ ಇದೆಯಲ್ಲ ಅಂತ ನೀವು ಹೇಳಬಹುದು. ಹೌದು, ಇದೆ. ಆದರೆ ಹೊಸ ಪಿನ್ ಮಾಡಿಕೊಳ್ಳಲು ಬೇಕಾಗುವುದು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು-ವರ್ಷ ಮತ್ತು ಒಂದು ಒಟಿಪಿ. ಇಲ್ಲದಿದ್ದರೆ ಆಧಾರ್ ಮೂಲಕ ಒಟಿಪಿ. ಈಗ ನಮ್ಮ ಮನೆಯ ಹೆಂಗಸರ, ಮಕ್ಕಳ ಫೋನುಗಳ ಹಿಂದಿನ ಕವರ್ ಒಮ್ಮೆ ಬಿಚ್ಚಿ ನೋಡಿ. ಹತ್ತರಲ್ಲಿ ಕೆಲವದರಲ್ಲಾದರೂ ಎಟಿಎಂ ಕಾರ್ಡ್ ಇರುತ್ತದೆ, ಆಧಾರ್ ಕಾರ್ಡ್ ಇರುತ್ತದೆ, ಒಂದು ಚೀಟಿಯಲ್ಲಿ ಪಿನ್ ಬರೆದು ಮಡಚಿ ಇಟ್ಟದ್ದೂ ಇರುತ್ತದೆ. ಅಂದರೆ ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೇ ಕಟ್ಟಿ ಕಳ್ಳನಿಗೆ ಕೊಟ್ಟ ಹಾಗೆ. ಈ ಲೇಖನ ಓದಿ ಮುಗಿಸುವ ಮೊದಲೇ ಆ ಕಾರ್ಡನ್ನು ಅಲ್ಲಿಂದ ತೆಗೆದಿಟ್ಟರೆ ನಮ್ಮ ಬರಹ ಅರ್ಧ ಸಾರ್ಥಕ.

ಮೊದಲ ಗಂಟೆಯಲ್ಲಿ ಏನು ಮಾಡಬೇಕು?

ಮೊದಲು ಪಕ್ಕದವರ ಫೋನ್ ಕೇಳಿ ನಿಮ್ಮ ನಂಬರಿಗೆ ಒಂದು ಸಲ ಕರೆ ಮಾಡಿ. ಸೀಟಿನ ಕೆಳಗೆ ಬಿದ್ದಿರಬಹುದು, ಒಳ್ಳೆಯವರ ಕೈಗೆ ಸಿಕ್ಕಿರಬಹುದು. ಎತ್ತದಿದ್ದರೆ, ಸ್ವಿಚ್ ಆಫ್ ಬಂದರೆ, ಕಾಯುತ್ತಾ ಕೂರಬೇಡಿ.

ಎರಡನೆಯದು ಸಿಮ್ ಬಂದ್ ಮಾಡಿಸುವುದು. ನಿಮ್ಮದು ಯಾವ ಕಂಪನಿಯ ಸಿಮ್ಮೋ ಅದೇ ಕಂಪನಿಯ ಬೇರೆ ನಂಬರಿನಿಂದ 198ಕ್ಕೆ ಅಥವಾ ಕಸ್ಟಮರ್ ಕೇರ್‌ಗೆ ಕರೆ ಮಾಡಿ "ಫೋನ್ ಕಳುವಾಗಿದೆ, ಸಿಮ್ ಬ್ಲಾಕ್ ಮಾಡಿ" ಅನ್ನಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಕೇಳುತ್ತಾರೆ. ಎರಡು ಸಿಮ್ ಇದ್ದರೆ ಎರಡನ್ನೂ ಬಂದ್ ಮಾಡಿಸಿ.

ಮೂರನೆಯದು ಬ್ಯಾಂಕು. ಕಸ್ಟಮರ್ ಕೇರ್‌ಗೆ ಹೇಳಿ ಯುಪಿಐ, ಮೊಬೈಲ್ ಬ್ಯಾಂಕಿಂಗ್, ಎಟಿಎಂ ಕಾರ್ಡ್ ತಡೆಹಿಡಿಸಿ. ಅವರು ಕೊಡುವ ದೂರಿನ ಸಂಖ್ಯೆಯನ್ನೂ ಗಂಟೆಯನ್ನೂ ಬರೆದಿಟ್ಟುಕೊಳ್ಳಿ. ಇದು ಯಾಕೆ ಮುಖ್ಯ ಅಂದರೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನಾವು ಬ್ಯಾಂಕಿಗೆ ತಿಳಿಸಿದ ನಂತರವೂ ಹಣ ಹೋದರೆ ಆ ನಷ್ಟ ಬ್ಯಾಂಕಿನದ್ದು. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಹೊಣೆ ಸೊನ್ನೆ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿಯವರೆಗೆ ಹೊರಬೇಕಾದೀತು. ಅದೂ ಮೀರಿದರೆ ಬ್ಯಾಂಕಿನ ನಿಯಮ ಹೇಳಿದಂತೆ. ಆದರೆ ಪಿನ್ ಬರೆದಿಟ್ಟು ಕಳಕೊಂಡರೆ, ಒಟಿಪಿ ಹೇಳಿಕೊಟ್ಟರೆ, ನಾವು ತಿಳಿಸುವವರೆಗಿನ ನಷ್ಟ ನಮ್ಮದೇ. ಹಾಗಾಗಿ ಇಲ್ಲಿ ನಿಮಿಷಕ್ಕೂ ಬೆಲೆ ಇದೆ.

ಹಣ ಈಗಾಗಲೇ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆ ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ಕರ್ನಾಟಕದಲ್ಲಿರಿ, ಮಹಾರಾಷ್ಟ್ರದಲ್ಲಿರಿ, ನಂಬರ್ ಇದೇ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವ ಮೊದಲು ದೂರು ಹೋದರೆ ಅದನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ಅವಕಾಶ ಇರುತ್ತದೆ.

ನಾಲ್ಕನೆಯದು, ಕುಟುಂಬದ ಗ್ರೂಪಿನಲ್ಲಿ ಬೇರೆಯವರ ಫೋನಿನಿಂದ ಒಂದು ಮಾತು ಹಾಕಿಸಿ: "ನಮ್ಮ ಫೋನ್ ಕಳುವಾಗಿದೆ. ಈ ನಂಬರಿನಿಂದ ಯಾರು ಹಣ ಕೇಳಿದರೂ ಕೊಡಬೇಡಿ." ಆಸ್ಪತ್ರೆಯಲ್ಲಿದ್ದೇವೆ, ಅರ್ಜೆಂಟ್ ಐದು ಸಾವಿರ ಹಾಕಿ ಅಂತ ಮೆಸೇಜ್ ಬಂದರೆ ನಮ್ಮ ಜನ ಎರಡು ಸಲ ಯೋಚಿಸುವವರಲ್ಲ. ಗಲ್ಫಿನಲ್ಲಿರುವವರಂತೂ ಕೂಡಲೇ ಕಳಿಸಿಬಿಡುತ್ತಾರೆ. ಆ ಒಳ್ಳೆಯತನವೇ ಕಳ್ಳನ ಬಂಡವಾಳ.

ಫೋನನ್ನು ದೂರದಿಂದಲೇ ಹುಡುಕುವ ದಾರಿಯೂ ಇದೆ. ಆಂಡ್ರಾಯ್ಡ್ ಫೋನಾದರೆ ಇನ್ನೊಂದು ಫೋನಿನಲ್ಲಿ ಗೂಗಲ್‌ನ ಹುಡುಕುವ ಸೇವೆ ತೆರೆದು, ನಿಮ್ಮ ಗೂಗಲ್ ಖಾತೆಯಿಂದ ಒಳಗೆ ಹೋದರೆ ಫೋನ್ ಕೊನೆಗೆ ಎಲ್ಲಿತ್ತು ಅಂತ ನಕಾಶೆಯಲ್ಲಿ ಕಾಣುತ್ತದೆ. ಅಲ್ಲಿಂದಲೇ ಲಾಕ್ ಮಾಡಬಹುದು, ಪರದೆ ಮೇಲೆ ಬೇರೆ ನಂಬರ್ ಬರೆಸಬಹುದು. ಐಫೋನಿಗೂ ಇಂಥದ್ದೇ ಸೇವೆ ಇದೆ. ಫೋನಿನಲ್ಲಿರುವುದನ್ನೆಲ್ಲ ಅಳಿಸಿಹಾಕಲೂ ಬರುತ್ತದೆ. ಆದರೆ ಆಂಡ್ರಾಯ್ಡ್‌ನಲ್ಲಿ ಅಳಿಸಿದ ಮೇಲೆ ಆ ಫೋನನ್ನು ಈ ರೀತಿ ಹುಡುಕಲು ಆಗುವುದಿಲ್ಲ, ಆದ್ದರಿಂದ ಅದನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಳ್ಳಿ. ನಕಾಶೆಯಲ್ಲಿ ಮನೆ ಕಂಡಿತು ಅಂತ ಹುಡುಗರನ್ನು ಕಟ್ಟಿಕೊಂಡು ಅಲ್ಲಿಗೆ ನುಗ್ಗಬೇಡಿ. ಆ ಚುಕ್ಕಿ ಪಕ್ಕದ ಮನೆಯದ್ದೂ ಆಗಿರಬಹುದು. ಕಾಣದ ಊರಿನಲ್ಲಿ ಜಗಳ ತಪ್ಪು ತಿರುವು ತೆಗೆದುಕೊಳ್ಳಲು ಎಷ್ಟು ಹೊತ್ತು? ಪೊಲೀಸರಿಗೆ ತೋರಿಸಿ.

"ಇದು ನಮ್ಮ ಹದ್ದಿಗೆ ಬರೂದಿಲ್ಲ"

ಗಡಿಯವರ ನಿಜವಾದ ತಲೆನೋವು ಇಲ್ಲಿ ಶುರುವಾಗುತ್ತದೆ. ನಿಪ್ಪಾಣಿಯಲ್ಲಿ ಬಸ್ಸು ಹತ್ತಿದಾಗ ಫೋನ್ ಇತ್ತು, ಕೊಲ್ಲಾಪುರದಲ್ಲಿ ಇಳಿದಾಗ ಇಲ್ಲ. ಹೋದದ್ದು ಯಾವ ರಾಜ್ಯದಲ್ಲಿ? ಕಾಗವಾಡದಿಂದ ಮಿರಜ್‌ಗೆ ರೋಗಿಯನ್ನು ಕರೆದುಕೊಂಡು ಹೊರಟವರು ಯಾವ ಠಾಣೆಗೆ ಹೋಗಬೇಕು? ರೈಲಿನಲ್ಲಾದರೆ ಇನ್ನೂ ಗೊಂದಲ. ನಮಗೆ ಗೊತ್ತಿರುವ ಒಬ್ಬ ಹಣ್ಣಿನ ವ್ಯಾಪಾರಿ ಗಡಿಯ ಆಚೆಗೊಂದು ಠಾಣೆ, ಈಚೆಗೊಂದು ಠಾಣೆ ಅಂತ ಇಡೀ ದಿನ ಅಲೆದು, ಸಂಜೆ "ಹೋಗ್ಲಿ ಬಿಡ್ರಿ, ಅಲ್ಲಾ ಮಾಲಿಕ್" ಅಂತ ಮನೆಗೆ ಬಂದರು. ದೂರೂ ಆಗಲಿಲ್ಲ, ಸಿಮ್ಮೂ ಬಂದ್ ಆಗಲಿಲ್ಲ. ಮಾರನೇ ದಿನ ಖಾತೆಯಲ್ಲಿ ಇದ್ದ ಮಾಲಿನ ದುಡ್ಡೂ ಇರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಈ ಅಲೆದಾಟಕ್ಕೆ ಉತ್ತರ ಕೊಡುತ್ತದೆ. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇದನ್ನೇ ಜನ ಝೀರೋ ಎಫ್‌ಐಆರ್ ಅನ್ನುತ್ತಾರೆ. ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕವೂ ಮಾಹಿತಿ ಕೊಡಬಹುದು, ಆದರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಬರೆದು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಲು ಅದೇ ಕಲಂ ಅವಕಾಶ ಕೊಟ್ಟಿದೆ. ಈ ಮಾತನ್ನು ಜೋರು ದನಿಯಲ್ಲಿ ಹೇಳಬೇಕಾಗಿಲ್ಲ. ಗೊತ್ತಿದ್ದು ಮೆತ್ತಗೆ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ವಿಷಯ. ಕಳೆದುಹೋದರೆ "ಕಳೆದಿದೆ" ಅಂತ ಬರೆಸಿ, ಕದ್ದಿದ್ದರೆ "ಕದ್ದಿದ್ದಾರೆ" ಅಂತಲೇ ಬರೆಸಿ. ಕಳೆದುಹೋದದ್ದಕ್ಕೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮನೆಯಿಂದಲೇ ವರದಿ ಕೊಟ್ಟು ರಸೀದಿ ಪಡೆಯಬಹುದು. ಆದರೆ ಕಳ್ಳತನ ಬೇರೆ. ಅದು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಅಪರಾಧ. ಕೈಯಿಂದ ಕಿತ್ತುಕೊಂಡು ಓಡಿದ್ದರೆ 304ನೇ ಕಲಂ. ಫೋನಿಗೆ ವಿಮೆ ಮಾಡಿಸಿದವರಿಗೆ ಈ ಒಂದು ಶಬ್ದದ ವ್ಯತ್ಯಾಸ ಮುಂದೆ ದೊಡ್ಡದಾಗುತ್ತದೆ.

ರೈಲಿನಲ್ಲಿ ಹೋದರೆ 139ಕ್ಕೆ ಕರೆ ಮಾಡಿ ಅಥವಾ ರೈಲ್ ಮದದ್‌ನಲ್ಲಿ ದೂರು ಹಾಕಿ. ಮೊಬೈಲ್ ತಡೆಹಿಡಿಯುವ ಕೇಂದ್ರದ ವ್ಯವಸ್ಥೆಯ ಜೊತೆ ರೈಲ್ವೆ ರಕ್ಷಣಾ ಪಡೆಯೂ 2025ರಿಂದ ಕೈಜೋಡಿಸಿದೆ.

ಹದಿನೈದು ಅಂಕಿಯ ಕಥೆ

ಪ್ರತಿ ಫೋನಿಗೂ ಐಎಂಇಐ ಅಂತ 15 ಅಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಿಮ್ ಬದಲಾದರೂ ಇದು ಬದಲಾಗುವುದಿಲ್ಲ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿದರೆ ಪರದೆಯಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲೂ, ಹೆಚ್ಚಿನ ಬಿಲ್ಲುಗಳಲ್ಲೂ ಇರುತ್ತದೆ.

ಈ ಸಂಖ್ಯೆಯನ್ನೇ ಹಿಡಿದು ಕದ್ದ ಫೋನನ್ನು ದೇಶದ ಎಲ್ಲ ಕಂಪನಿಗಳ ಜಾಲದಲ್ಲೂ ತಡೆಯುವ ಕೇಂದ್ರ ದೂರಸಂಪರ್ಕ ಇಲಾಖೆಯ ವ್ಯವಸ್ಥೆಯ ಹೆಸರು ಸಿಇಐಆರ್. ಗಡಿಯಾಚೆಯ ಮಹಾರಾಷ್ಟ್ರಕ್ಕೆ ಇದು 2019ರ ಸೆಪ್ಟೆಂಬರಿನಲ್ಲೇ ಪ್ರಾಯೋಗಿಕವಾಗಿ ಬಂದಿತ್ತು. 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಹೆಸರಿನಲ್ಲಿ ಇಡೀ ದೇಶಕ್ಕೆ ತೆರೆಯಿತು. 2025ರ ಜನವರಿಯಲ್ಲಿ ಅದರ ಆ್ಯಪ್ ಕೂಡ ಬಂತು. ಗಡಿಯವರಿಗೆ ಇದರಷ್ಟು ಉಪಕಾರದ ಏರ್ಪಾಡು ಬೇರಿಲ್ಲ. ಅಥಣಿಯಲ್ಲಿ ಕದ್ದ ಫೋನನ್ನು ಸಾಂಗಲಿಯಲ್ಲಿ ಮಾರಿದರೂ ತಡೆ ಅಲ್ಲಿಯೂ ನಡೆಯುತ್ತದೆ.

ಅರ್ಜಿಗೆ ಬೇಕಾಗುವುದು ಇಷ್ಟು: ಐಎಂಇಐ ಸಂಖ್ಯೆ, ಫೋನ್ ಖರೀದಿಯ ಬಿಲ್, ಪೊಲೀಸ್ ದೂರಿನ ಪ್ರತಿ ಮತ್ತು ಸಂಖ್ಯೆ, ಮಾಲೀಕರ ಗುರುತಿನ ಚೀಟಿ, ಒಟಿಪಿ ಬರಲು ಒಂದು ಚಾಲ್ತಿ ನಂಬರ್. ಹೀಗಾಗಿ ದೂರು ಕೊಟ್ಟ ಕೂಡಲೇ ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ ಶುರುವಾದ ಮೇಲೂ ಸುಮಾರು 24 ಗಂಟೆ ಎಸ್ಎಂಎಸ್ ಬರುವುದಿಲ್ಲ. ಅದು ವಂಚನೆ ತಡೆಯಲು ಇಟ್ಟ ನಿಯಮ, ಗಾಬರಿ ಬೇಡ. ಅರ್ಜಿ ಹಾಕಿದಾಗ ಸಿಗುವ ಕೋರಿಕೆ ಸಂಖ್ಯೆಯನ್ನು ಜೋಪಾನವಾಗಿ ಇಡಿ. ಅರ್ಜಿ ಸೇರಿದ 24 ಗಂಟೆಯೊಳಗೆ ಫೋನ್ ಬ್ಲಾಕ್ ಆಗುತ್ತದೆ. ಅದರಲ್ಲಿ ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಫೋನ್ ಸಿಕ್ಕಿದ ಮೇಲೆ ಅದೇ ಸಂಖ್ಯೆಯಿಂದ ಬ್ಲಾಕ್ ತೆಗೆಸಬೇಕು. ಇಲ್ಲದಿದ್ದರೆ ಕೈಗೆ ಬಂದ ಫೋನೂ ಕೆಲಸ ಮಾಡುವುದಿಲ್ಲ.

ಇದರಿಂದ ಫೋನ್ ಸಿಗುತ್ತದೆಯೇ? ಎಲ್ಲವೂ ಸಿಗುವುದಿಲ್ಲ. ಬಿಡಿಭಾಗವಾಗಿ ಮಾರಿದರೆ, ದೇಶದ ಹೊರಗೆ ಸಾಗಿಸಿದರೆ, ಐಎಂಇಐ ತಿದ್ದಿದರೆ ಕಷ್ಟ. ಆದರೂ ಈ ವ್ಯವಸ್ಥೆಯಿಂದ ತಲಾ 1 ಲಕ್ಷಕ್ಕೂ ಹೆಚ್ಚು ಫೋನುಗಳನ್ನು ಮರಳಿ ಪಡೆದ ರಾಜ್ಯಗಳು ಅಂತ 2025ರ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಹೆಸರಿಸಿದ ಎರಡರಲ್ಲಿ ನಮ್ಮ ಕರ್ನಾಟಕ ಒಂದು, ಇನ್ನೊಂದು ತೆಲಂಗಾಣ. ದೂರು ಕೊಡದವರ ಫೋನ್ ಈ ಲೆಕ್ಕದಲ್ಲಿ ಬರುವುದು ಹೇಗೆ?

ಒಂದು ಎಚ್ಚರಿಕೆ. ಫೋನ್ ಹೋದ ಕೆಲವು ದಿನಕ್ಕೆ "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರಬಹುದು. ಪೊಲೀಸ್ ಅಂತ ಹೇಳಿ ಪಾಸ್‌ವರ್ಡ್, ಒಟಿಪಿ ಕೇಳಬಹುದು. ಇದು ಫೋನಿನ ಲಾಕ್ ಬಿಚ್ಚಿಸುವ ಉಪಾಯ. ಯಾವ ಪೊಲೀಸರಿಗೂ ನಿಮ್ಮ ಒಟಿಪಿ ಬೇಕಾಗಿಲ್ಲ.

ಮನೆಯೊಳಗಿನ ಎರಡು ಮಾತು

ನಮ್ಮ ಸಮುದಾಯದ ಮನೆಗಳಿಗೆ ವಿಶೇಷವಾಗಿ ಹೇಳಬೇಕಾದ ಎರಡು ವಿಷಯಗಳಿವೆ.

ಒಂದು, ಸಿಮ್ ಯಾರ ಹೆಸರಿನಲ್ಲಿದೆ? ಗಂಡ ಸೌದಿಯಲ್ಲಿ, ಹೆಂಡತಿಯ ಕೈಯಲ್ಲಿರುವ ಸಿಮ್ ಗಂಡನ ಹೆಸರಲ್ಲಿ. ಅವರ ಬ್ಯಾಂಕ್ ಖಾತೆಗೂ ಅದೇ ನಂಬರ್. ಫೋನ್ ಹೋದರೆ ಡೂಪ್ಲಿಕೇಟ್ ಸಿಮ್ ಕೊಡಲು ಅಂಗಡಿಯವರು ಸಿಮ್ಮಿನ ಮಾಲೀಕರನ್ನೇ ಕೇಳುತ್ತಾರೆ. ಮಾಲೀಕರು ಕಡಲಾಚೆ. ಅಷ್ಟರವರೆಗೆ ಮಕ್ಕಳ ಫೀಸೂ ಇಲ್ಲ, ಉಮ್ಮನ ಔಷಧದ ದುಡ್ಡೂ ಇಲ್ಲ. ಆದ್ದರಿಂದ ಬಳಸುವವರ ಹೆಸರಿಗೇ ಸಿಮ್ ಇರಲಿ. ರಜೆಯಲ್ಲಿ ಊರಿಗೆ ಬಂದಾಗ ಇಬ್ಬರೂ ಹೋಗಿ ಹೆಸರು ಬದಲಾಯಿಸಿಕೊಳ್ಳಿ, ಬ್ಯಾಂಕಿನಲ್ಲೂ ಸರಿಪಡಿಸಿ. ಹಾಗೆಯೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಅಂತ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲಿಯೇ ತಿಳಿಸಿ.

ಎರಡನೆಯದು ಇನ್ನೂ ಸೂಕ್ಷ್ಮ. ಹೆಣ್ಣುಮಕ್ಕಳ ಫೋನ್ ಹೋದರೆ ಬೈಗುಳದ ಭಯಕ್ಕೆ ಅವರು ಮನೆಯಲ್ಲಿ ಹೇಳುವುದೇ ಇಲ್ಲ. "ನಿನಗೆ ಫೋನ್ ಕೊಟ್ಟದ್ದೇ ತಪ್ಪು" ಅನ್ನುವ ಮಾತು ಎಲ್ಲಿ ಬರುತ್ತದೋ ಅಂತ ಎರಡು ದಿನ ಮುಚ್ಚಿಡುತ್ತಾರೆ. ಕಳ್ಳನಿಗೆ ಬೇಕಾದದ್ದೂ ಆ ಎರಡು ದಿನವೇ. ಒಳಗಿರುವ ಫೋಟೋ ಹಿಡಿದು ಯಾರಾದರೂ ಬೆದರಿಸಿದರೆ ಆ ಮಗು ಯಾರ ಬಳಿ ಹೋಗಬೇಕು? ಬಾಪನ ಬಳಿ ಹೇಳುವ ಧೈರ್ಯ ಇಲ್ಲದಿದ್ದರೆ ಬೆದರಿಸುವವನ ಮಾತೇ ನಡೆಯುತ್ತದೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಲು ಹೋದರೆ ಅವನು ಮತ್ತೆ ಕೇಳುತ್ತಾನೆ. 112ಕ್ಕೋ ಸೈಬರ್ ಠಾಣೆಗೋ ತಿಳಿಸುವುದೇ ದಾರಿ. ಹಾಗಾಗಿ ಫೋನ್ ಹೋಯಿತು ಅಂತ ಮಗಳು ಬಂದರೆ ಮೊದಲು "ನಿನಗೇನೂ ಆಗಲಿಲ್ಲವಲ್ಲ?" ಅಂತ ಕೇಳಿ. ಬೈಯುವುದಿದ್ದರೆ ನಾಳೆ ಬೈಯಿರಿ, ಇವತ್ತು ಸಿಮ್ ಬಂದ್ ಮಾಡಿಸಿ.

ಅಗ್ಗದ ಫೋನ್ ಸಿಕ್ಕಿತೇ?

ಕೊಳ್ಳುವವರಿಲ್ಲದಿದ್ದರೆ ಕದಿಯುವವರಿರುವುದಿಲ್ಲ. ಇಪ್ಪತ್ತು ಸಾವಿರದ ಫೋನ್ ನಾಲ್ಕು ಸಾವಿರಕ್ಕೆ, ಬಿಲ್ಲೂ ಇಲ್ಲ, ಪೆಟ್ಟಿಗೆಯೂ ಇಲ್ಲ ಅಂದರೆ ಅದು ಎಲ್ಲಿಂದ ಬಂತು ಅಂತ ನಮ್ಮ ಮನಸ್ಸಿಗೆ ಗೊತ್ತಿರುತ್ತದೆ. ಕದ್ದದ್ದು ಅಂತ ಗೊತ್ತಿದ್ದೂ ಕೊಳ್ಳುವುದು ಹರಾಮ್ ಅನ್ನುವುದರಲ್ಲಿ ಶಾಫಿಈ-ಹನಫೀ ಅಂತ ಭೇದವಿಲ್ಲ. ಕಾನೂನೂ ಬಿಡುವುದಿಲ್ಲ. ಕದ್ದ ಮಾಲು ಅಂತ ಗೊತ್ತಿದ್ದೋ, ಹಾಗೆ ನಂಬಲು ಕಾರಣವಿದ್ದೋ ಇಟ್ಟುಕೊಂಡರೆ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಐಎಂಇಐ ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಹುಡುಗರು ಇದನ್ನು ಎರಡು ಸಲ ಓದಲಿ.

ಹಳೆಯ ಫೋನ್ ಕೊಳ್ಳುವ ಮೊದಲು *#06# ಒತ್ತಿ ಸಂಖ್ಯೆ ನೋಡಿ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಆಮೇಲೆ ಆ 15 ಅಂಕಿ ಬರೆದು 14422ಕ್ಕೆ ಎಸ್ಎಂಎಸ್ ಮಾಡಿದರೆ ಫೋನ್ ಯಾವ ಕಂಪನಿಯದು, ಬ್ಲಾಕ್ ಆಗಿದೆಯೇ ಅಂತ ತಿಳಿಯುತ್ತದೆ. ಪರದೆಯಲ್ಲಿ ಬಂದ ಮಾದರಿಯೂ ಮೆಸೇಜಿನಲ್ಲಿ ಬಂದ ಮಾದರಿಯೂ ಬೇರೆಯಾದರೆ ಕೈಮುಗಿದು ವಾಪಸ್ ಕೊಡಿ. ಇನ್ನು ದಾರಿಯಲ್ಲಿ ಬಿದ್ದ ಫೋನ್ ಸಿಕ್ಕಿದರೆ ಅದು ನಮ್ಮ ಕೈಯಲ್ಲಿರುವ ಅಮಾನತ್ತು. ಸಿಮ್ ತೆಗೆದು ಎಸೆಯಬೇಡಿ. ಚಾರ್ಜ್ ಮಾಡಿ ಇಡಿ, ಮಾಲೀಕರ ಕರೆ ಬಂದೇ ಬರುತ್ತದೆ. ಬಾರದಿದ್ದರೆ ಠಾಣೆಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಇವತ್ತೇ ಮಾಡಬಹುದಾದದ್ದು

ಸೆಟ್ಟಿಂಗಿನಲ್ಲಿ ಸಿಮ್ ಲಾಕ್ ಅಂತ ಒಂದಿದೆ. ಅದನ್ನು ಹಾಕಿದರೆ ಸಿಮ್ ಬೇರೆ ಫೋನಿಗೆ ಹೋದಾಗ ಪಿನ್ ಕೇಳುತ್ತದೆ. ಕಳ್ಳನ ಕೈಯಲ್ಲಿ ಅದು ಬರೀ ಪ್ಲಾಸ್ಟಿಕ್ ಚೂರು. ಮೊದಲಿನ ಪಿನ್ ಯಾವುದು ಅಂತ ಕಂಪನಿಯಿಂದ ಕೇಳಿಯೇ ಹಾಕಿ. ಮೂರು ಸಲ ತಪ್ಪಿದರೆ ಸಿಮ್ ಮುಚ್ಚಿಕೊಳ್ಳುತ್ತದೆ, ಬಿಡಿಸಲು ಪಿಯುಕೆ ಸಂಖ್ಯೆ ಬೇಕಾಗುತ್ತದೆ. ಲಾಕ್ ಆದ ಪರದೆಯ ಮೇಲೆ ಮೆಸೇಜ್ ಕಾಣದಂತೆ ಮಾಡಿ. ಫೋಟೋ, ನಂಬರುಗಳ ಇನ್ನೊಂದು ಪ್ರತಿ ಇರಲಿ.

ನಮ್ಮ ಮದ್ರಸದ ಮಕ್ಕಳಿಗೆ ಈ ವಾರ ನಾವು ಒಂದು ಮನೆಕೆಲಸ ಕೊಟ್ಟಿದ್ದೇವೆ. ಮನೆಯ ಪ್ರತಿ ಫೋನಿನ ಐಎಂಇಐ, ಸಿಮ್ ಕಂಪನಿಯ ಮತ್ತು ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್, 1930, 139, 112, ಮತ್ತು ಮನೆಯ ಇಬ್ಬರು ಹಿರಿಯರ ನಂಬರ್ ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಬೇಕು. ಫೋನಿನ ಬಿಲ್ಲೂ ಅಲ್ಲಿಯೇ ಇರಬೇಕು. ಆ ಇಬ್ಬರು ಹಿರಿಯರ ನಂಬರನ್ನು ಬಾಯಿಪಾಠ ಮಾಡಿಕೊಂಡು ಬರಬೇಕು, ಯಾಕೆಂದರೆ ಫೋನ್ ಹೋದ ದಿನ ನಂಬರುಗಳೂ ಅದರ ಜೊತೆಗೇ ಹೋಗಿರುತ್ತವೆ. ಹದಿನೈದು ಅಂಕಿ ಬರೆಯಲು ಮಗುವಿಗೆ ಎರಡು ನಿಮಿಷ ಬೇಕು. ನಿಮ್ಮ ಮನೆಯ ಮಗುವಿಗೂ ಇವತ್ತು ರಾತ್ರಿ ಇದೇ ಕೆಲಸ ಕೊಡಿ.